ಗಂಡನ ಸಹಿಯ ಗೆರೆ

"ಇಲ್ಲಿ ಖಾಲಿ ಬಿಟ್ಟಿದೀಯಲ್ಲ," ಎಂದ ಫ್ಯಾಕ್ಟರಿ ಕ್ಲಿನಿಕ್ಕಿನ ಮುಖ್ಯಸ್ಥ ಲಾಹುಯಿ.

ಡೋರ್ಕಾಸ್ ಬಗ್ಗಿ ನೋಡಿದಳು. ಫಾರಮ್ಮಿನ ಕೊನೆಯಲ್ಲಿ ಎರಡು ಗೆರೆಗಳಿದ್ದವು. ಮೇಲಿನದರಲ್ಲಿ ಅವಳ ಹೆಸರಿತ್ತು. ಮೀನಿನ ಮುಳ್ಳು ಚುಚ್ಚಿ ಚುಚ್ಚಿ ಊದಿಕೊಂಡ ಬೆರಳುಗಳಲ್ಲಿ ಕಷ್ಟಪಟ್ಟು ಬರೆದ ಹೆಸರು. ಕೆಳಗಿನ ಗೆರೆಯ ಪಕ್ಕದಲ್ಲಿ 'ಗಂಡನ ಸಹಿ' ಎಂದು ಟೈಪು ಮಾಡಿತ್ತು.

"ಗಂಡ ಬೋಟಲ್ಲಿದಾನೆ ಸರ್. ಯಾವಾಗ ಬರ್ತಾನೆ ಅಂತ ಮೀನಿಗೇ ಗೊತ್ತು."

"ಹಂಗಾದ್ರೆ ಅವನು ಬಂದ್ಮೇಲೆ ಬಾ."

"ಹಾಕೋದು ನನ್ನ ಹೊಟ್ಟೆಗೆ."

"ಹೊಟ್ಟೆ ನಿಂದೇ ಇರಬಹುದು. ರೂಲ್ಸು ನಿಂದಲ್ಲ."

ಹಿಂದಿನ ಬೆಂಚಿನಲ್ಲಿ ಕೂತಿದ್ದ ಇಬ್ಬರು ಗಂಡಸರು ಕಿಸಕ್ಕನೆ ನಕ್ಕರು. ಲಾಹುಯಿ ಫಾರಮ್ಮನ್ನು ಡ್ರಾಯರಿಗೆ ಹಾಕಿ, ಮುಂದಿನವನನ್ನು ಕರೆದ. ಮುಂದಿನವನಿಗೆ ಹಲ್ಲುನೋವು. ಅವನಿಗೆ ಎರಡು ನಿಮಿಷದಲ್ಲಿ ಮಾತ್ರೆ ಸಿಕ್ಕಿತು. ಅವನ ಹೆಂಡತಿ ಎಲ್ಲಿದ್ದಾಳೆ ಎಂದು ಯಾರೂ ಕೇಳಲಿಲ್ಲ.

ದಾರೆಂಗ್ ಕೊಲ್ಲಿಯ ಮೀನಿನ ಫ್ಯಾಕ್ಟರಿಯಲ್ಲಿ ಡೋರ್ಕಾಸ್‌ಗೆ ಅದು ಹನ್ನೊಂದನೇ ವರ್ಷ. ಬೆಳಿಗ್ಗೆ ಆರಕ್ಕೆ ರಬ್ಬರ್ ಬೂಟು ಹಾಕಿಕೊಂಡು ಒದ್ದೆ ಸಿಮೆಂಟಿನ ಮೇಲೆ ನಿಂತರೆ, ಮಧ್ಯಾಹ್ನ ಮೂರೂವರೆಗೆ ಕಾಲು ಕೀಳಬೇಕು. ಹಬೆಯಲ್ಲಿ ಬೆಂದ ಟ್ಯೂನಾ ಮೀನು ಬಿಸಿಬಿಸಿಯಾಗಿ ಬಂದು ಮೇಜಿಗೆ ಬೀಳುತ್ತದೆ. ಚರ್ಮ ಕೆರೆಯಬೇಕು. ತಲೆ ಮುರಿಯಬೇಕು. ಮುಳ್ಳು ಎಳೆಯಬೇಕು. ಬಿಳಿ ಮಾಂಸ ಡಬ್ಬಿಗೆ ಹೋಗಿ ಯಾವುದೋ ದೇಶದ ಮನುಷ್ಯರಿಗೆ ಸೇರುತ್ತದೆ. ಕಪ್ಪು ಮಾಂಸ ಬೇರೆ ಡಬ್ಬಿಗೆ ಹೋಗಿ ಅದೇ ದೇಶದ ಬೆಕ್ಕುಗಳಿಗೆ. ಮೇಜಿನ ಹೆಂಗಸರಿಗೆ ಸೇರುವುದು ವಾಸನೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಮೂಗು ತಿರುಗಿಸುತ್ತಾರೆ. ಊಟಕ್ಕೆ ಮಾತ್ರ ಆ ಮೀನೇ ಬೇಕು.

ಎಂಬತ್ತು ಹೆಂಗಸರ ಸಾಲಿಗೆ ಎರಡೇ ಕಕ್ಕಸಿನ ಬಿಲ್ಲೆ. ಎರಡೂ ಸೂಪರ್‌ವೈಸರ್ ವಾಗಿಯ ಕೊರಳಲ್ಲಿ ತೂಗುತ್ತವೆ. ಬೇಕಾದವಳು ಅವನ ಮುಂದೆ ಹೋಗಿ ಕೈಚಾಚಬೇಕು. ಕ್ಲಿನಿಕ್ಕಿಗೆ ಹೋಗುವ ಚೀಟಿಯೂ ಅವನದೇ. ಡೋರ್ಕಾಸ್ ಮೂರು ತಿಂಗಳಿಗೊಮ್ಮೆ ಮಕ್ಕಳಾಗದ ಸೂಜಿ ಹಾಕಿಸಿಕೊಳ್ಳಲು ಚೀಟಿ ಕೇಳುತ್ತಿದ್ದಳು. ಹೋದ ಸಲ ಅವನು ಚೀಟಿಯನ್ನು ಮೇಲಕ್ಕೆ ಎತ್ತಿ ಹಿಡಿದು ಇಡೀ ಸಾಲಿಗೆ ಕೇಳುವಂತೆ ಅಂದಿದ್ದ:

"ಮತ್ತೆ ಸೂಜಿನಾ? ಕಸ್ಪಾರ್ ಸಮುದ್ರದಲ್ಲಿದಾನೆ. ಇಲ್ಲಿ ಯಾರಿಗೋಸ್ಕರ ಈ ತಯಾರಿ?"

ಫ್ರೀಜರಿನಲ್ಲಿ ಕೆಲಸ ಮಾಡುವ ಗಂಡಸರು ನಕ್ಕಿದ್ದರು. ಡೋರ್ಕಾಸ್ ಚೀಟಿ ತೆಗೆದುಕೊಳ್ಳದೆ ಮೇಜಿಗೆ ವಾಪಸು ಬಂದು ಮೀನಿನ ತಲೆ ಮುರಿದಿದ್ದಳು. ಆ ದಿನ ಮುರಿದಷ್ಟು ತಲೆಗಳನ್ನು ಅವಳು ಎಂದೂ ಮುರಿದಿರಲಿಲ್ಲ. ಸೂಜಿ ತಪ್ಪಿತು. ಗಂಡ ಕಸ್ಪಾರ್ ರಜೆಗೆ ಬಂದು ಹೋದ ಮೇಲೆ ಹದಿನೆಂಟು ದಿನ ಅವಳು ದಿನ ಎಣಿಸಿದಳು. ಮುಟ್ಟಾದ ದಿನ ಕಕ್ಕಸಿನಲ್ಲಿ ಕೂತು ಅತ್ತಳು.

ಅಳುವುದಕ್ಕೆ ಕಾರಣವಿತ್ತು. ನಾಲ್ಕನೆಯ ಹೆರಿಗೆ ಲಾರಿಯ ಹಿಂಭಾಗದಲ್ಲಿ, ಕೊಬ್ಬರಿ ಮೂಟೆಗಳ ನಡುವೆ ಆಗಿತ್ತು. ಮಗು ಬಂದ ಮೇಲೆ ರಕ್ತ ನಿಲ್ಲಲಿಲ್ಲ. ಮೇಜಿನ ಗೆಳತಿ ಸ್ಕೊಲಾಸ್ಟಿಕಾ, ಎಲ್ಲರ ಬಾಯಲ್ಲಿ ಸ್ಕೋಲಾ, ತನ್ನ ಸೊಂಟದ ಬಟ್ಟೆ ಬಿಚ್ಚಿ ಒತ್ತಿ ಹಿಡಿದು, ಡ್ರೈವರಿಗೆ ಆಸ್ಪತ್ರೆ ಬರುವವರೆಗೂ ಬೈಯುತ್ತಲೇ ಇದ್ದಳು. "ಇನ್ನೊಂದು ಮಗು ಬಂದ್ರೆ ನೀನು ಉಳಿಯಲ್ಲ," ಎಂದಿದ್ದರು ಅಲ್ಲಿನ ಡಾಕ್ಟರು. ಈಗ ಡೋರ್ಕಾಸ್‌ಗೆ ಮೂವತ್ಮೂರು.

ಹೀಗಿರುವಾಗ ಮಾನುಸ್ ದ್ವೀಪದಿಂದ ಹೊಸ ನರ್ಸ್ ಬಂದಳು. ಸಿಸ್ಟರ್ ನೆರಿಸ್ಸಾ. ಕುಳ್ಳಗಿದ್ದಳು, ಅಡಿಕೆ ಅಗಿದು ಕೆಂಪಾದ ಹಲ್ಲು, ದೊಡ್ಡ ಗಂಟಲು. ಒಂದು ಶನಿವಾರ ಕೆಲಸಗಾರರ ವಠಾರಕ್ಕೆ ತಾನೇ ನಡೆದು ಬಂದು ಮಾವಿನಮರದ ಕೆಳಗೆ ಹೆಂಗಸರನ್ನು ಕೂರಿಸಿದಳು. ಹೆಗಲಿನ ನೂಲುಚೀಲದಿಂದ ಒಂದು ಪಪ್ಪಾಯಿ ತೆಗೆದಳು.

"ಇದು ನಿಮ್ಮ ಗರ್ಭಕೋಶ."

"ನಂದು ಇಷ್ಟು ದೊಡ್ಡದಿಲ್ಲ," ಎಂದಳು ಒಬ್ಬಳು.

"ಏಳು ಹೆತ್ತಿದೀಯ. ಸುಮ್ನಿರು," ಎಂದಳು ಸ್ಕೋಲಾ.

ಸಿಸ್ಟರ್ ಸಣ್ಣ ಪೊಟ್ಟಣ ಒಡೆದು ಇನ್ನೊಂದು ವಸ್ತು ತೆಗೆದಳು. ಇಂಗ್ಲಿಷಿನ ಟಿ ಅಕ್ಷರದಂಥ ಪುಟ್ಟ ಪ್ಲಾಸ್ಟಿಕ್ಕು. ಮೈಗೆ ತಾಮ್ರದ ತಂತಿ ಸುತ್ತಿತ್ತು. ತುದಿಯಲ್ಲಿ ಎರಡು ದಾರ. ಕೈಯಿಂದ ಕೈಗೆ ಹೋಯಿತು. ಕೆಲವರು ಮೂಸಿದರು. ಕೆಲವರು ಬಿಸಿಲಿಗೆ ಹಿಡಿದು ನೋಡಿದರು. ಸಿಸ್ಟರ್ ಅದರ ರೆಕ್ಕೆ ಮಡಚಿ ತೆಳ್ಳನೆಯ ಕೊಳವೆಗೆ ತೂರಿಸಿ, ಪಪ್ಪಾಯಿಯ ತೊಟ್ಟಿನ ಕಡೆಯಿಂದ ಒಳಗೆ ಬಿಟ್ಟಳು. ಕೊಳವೆ ಹೊರಗೆ ಬಂತು. ದಾರ ಮಾತ್ರ ಉಳಿಯಿತು. ಆಮೇಲೆ ಹಣ್ಣನ್ನು ಉದ್ದಕ್ಕೆ ಸೀಳಿ ತೋರಿಸಿದಳು. ಕಪ್ಪು ಬೀಜಗಳ ನಡುವೆ ಆ ಟಿ ರೆಕ್ಕೆ ಬಿಚ್ಚಿಕೊಂಡು ಕೂತಿತ್ತು.

"ಇಷ್ಟೇನಾ?" ಎಂದಳು ಡೋರ್ಕಾಸ್.

"ಇಷ್ಟೇ. ಗಂಡಸಿನ ಬೀಜ ಈಜ್ಕೊಂಡು ಬರುತ್ತಲ್ಲ, ಅದಕ್ಕೆ ತಾಮ್ರ ಕಂಡ್ರೆ ಆಗಲ್ಲ. ಸೋತು ಬೀಳುತ್ತೆ. ಹತ್ತು ವರ್ಷ ಕೆಲಸ ಮಾಡುತ್ತೆ. ನಡುವೆ ಮಗು ಬೇಕು ಅನ್ನಿಸ್ತಾ, ಬಂದು ದಾರ ಎಳೆಸ್ಕೊಂಡ್ರೆ ಮುಗೀತು."

"ಎದೆಗೆ ಹತ್ತುತ್ತಂತೆ ಸಿಸ್ಟರ್. ನಮ್ಮತ್ತೆ ಹೇಳಿದ್ಳು."

"ಗರ್ಭದಿಂದ ಎದೆಗೆ ದಾರಿ ಇದ್ದಿದ್ರೆ ನೀವು ಮಕ್ಕಳನ್ನ ಬಾಯಿಂದ ಹೆರ್ತಿದ್ರಿ."

"ಆ ದಾರ ಗಂಡಸಿಗೆ ಚುಚ್ಚಲ್ವಾ?"

"ಮೆತ್ತಗಿರುತ್ತೆ. ಚುಚ್ಚಿದ್ರೆ ಬರ್ಲಿ, ಇನ್ನೂ ಸ್ವಲ್ಪ ಕತ್ತರಿಸ್ತೀನಿ."

"ದಾರಾನಾ, ಗಂಡಸಿಂದಾ?" ಎಂದಳು ಸ್ಕೋಲಾ.

ನಗು ಹತ್ತಿ ಒಬ್ಬಳು ಚಾಪೆಯಿಂದ ಉರುಳಿದಳು. ಸಿಸ್ಟರ್ ನಗು ಇಳಿಯುವವರೆಗೂ ಕಾದು, ಮುಚ್ಚುಮರೆಯಿಲ್ಲದೆ ಉಳಿದದ್ದನ್ನೂ ಹೇಳಿದಳು. ಹಾಕುವಾಗ ನೋಯುತ್ತದೆ. ಮೊದಲ ಕೆಲವು ತಿಂಗಳು ಮುಟ್ಟು ಜಾಸ್ತಿ ಹೋಗಬಹುದು, ಹೊಟ್ಟೆ ಹಿಂಡಬಹುದು. ನೂರರಲ್ಲಿ ಕೆಲವರಿಗೆ ತಾನಾಗಿ ಜಾರಿ ಬರುತ್ತದೆ, ಅದಕ್ಕೇ ದಾರ ಇದೆಯೋ ಇಲ್ಲವೋ ಆಗಾಗ ಬೆರಳಿಟ್ಟು ನೋಡಿಕೊಳ್ಳಬೇಕು. ಜ್ವರ, ವಾಸನೆ, ಸಹಿಸಲಾಗದ ನೋವು ಬಂದರೆ ತಡಮಾಡದೆ ಬರಬೇಕು. ಗಂಡಸು ತರುವ ರೋಗವನ್ನು ಇದು ತಡೆಯುವುದಿಲ್ಲ, ಅದಕ್ಕೆ ಕಾಂಡೋಮೇ ಗತಿ.

ಟಿ ತೆಗೆದು, ತೊಳೆದು, ಪಪ್ಪಾಯಿಯನ್ನು ಹೋಳು ಮಾಡಿ ಎಲ್ಲರೂ ತಿಂದರು. ಹಣ್ಣು ಸಿಹಿಯಾಗಿತ್ತು. ಡೋರ್ಕಾಸ್ ಲೆಕ್ಕ ಹಾಕಿದಳು. ಹತ್ತು ವರ್ಷ ಎಂದರೆ ವಾಗಿಯ ಮುಂದೆ ನಲವತ್ತು ಸಲ ಕೈಚಾಚುವುದು ತಪ್ಪಿತು.

ಅದಕ್ಕೇ ಮಂಗಳವಾರ ಅವಳು ಇದೇ ಕೊನೆಯೆಂದು ವಾಗಿಯಿಂದ ಚೀಟಿ ಇಸಿದುಕೊಂಡು ಕ್ಲಿನಿಕ್ಕಿಗೆ ಹೋಗಿದ್ದು. ಲಾಹುಯಿ ಖಾಲಿ ಗೆರೆ ತೋರಿಸಿ ವಾಪಸು ಕಳಿಸಿದ್ದು.

ಹೊರಗೆ ನೀರಿನ ತೊಟ್ಟಿಯ ಹತ್ತಿರ ಸಿಸ್ಟರ್ ನೆರಿಸ್ಸಾ ಹಿಂದೆಯೇ ಬಂದಳು. ಮುಖ ಬಾಡಿತ್ತು.

"ಸರ್ಕಾರದ ಪುಸ್ತಕದಲ್ಲಿ ಆ ಗೆರೆ ಇಲ್ಲ ಡೋರ್ಕಾಸ್. ಹೆಂಗಸು ಒಪ್ಪಿದ್ರೆ ಸಾಕು ಅಂತಿದೆ. ಈ ಗೆರೆ ಇಲ್ಲಿ ಯಾರೋ ಟೈಪ್ ಮಾಡಿ ಸೇರ್ಸಿದ್ದು."

"ಯಾರು?"

"ಗೊತ್ತಿಲ್ಲ. ಹಳೇದು. ಲಾಹುಯಿ ಸರ್ ತೆಗೀತಿಲ್ಲ."

ಮರುದಿನ ಊಟದ ಹೊತ್ತಲ್ಲಿ ಸ್ಕೋಲಾ ಉಪಾಯ ಹೇಳಿದಳು. "ಅಯ್ಯೋ, ಅದಕ್ಕ್ಯಾಕೆ ತಲೆ ಕೆಡಿಸ್ಕೋತೀಯ. ನನ್ನ ಮಗಳು ಚೆನ್ನಾಗಿ ಬರೀತಾಳೆ. ಕಸ್ಪಾರನ ಸಹಿ ಕಸ್ಪಾರನಿಗಿಂತ ಚೆನ್ನಾಗಿ ಹಾಕ್ತಾಳೆ."

ಡೋರ್ಕಾಸ್ ಗೆಣಸು ಸುಲಿಯುತ್ತಿದ್ದಳು. "ಬೇಡ."

"ಯಾಕೆ? ಪಾಪ ಬರುತ್ತಾ?"

"ಹಾಕಿದ್ರೆ ನನ್ನ ಕೆಲಸ ಆಗುತ್ತೆ. ಆ ಗೆರೆ ಅಲ್ಲೇ ಇರುತ್ತೆ. ನಾಳೆ ನಿನ್ನ ಮಗಳು ಹೋದ್ರೂ ಇರುತ್ತೆ."

ಸ್ಕೋಲಾ ಒಂದು ಗೆಣಸು ತೆಗೆದುಕೊಂಡು ತಾನೂ ಸುಲಿಯತೊಡಗಿದಳು.

ಶುಕ್ರವಾರ ಬೋಟಿನಿಂದ ಕಸ್ಪಾರನ ಫೋನ್ ಬಂತು. ಸುದ್ದಿ ಆಗಲೇ ಅವನಿಗೆ ಮುಟ್ಟಿತ್ತು. ಕೊಲ್ಲಿಯಲ್ಲಿ ಮೀನಿಗಿಂತ ಬೇಗ ಓಡುವುದು ಸುದ್ದಿ.

"ಅದೇನೋ ತಂತಿ ಹಾಕಿಸ್ಕೋತೀಯಂತೆ."

"ಹೂಂ."

"ವಾಗಿ ಏನೇನೋ ಹೇಳ್ದ. ನಾನು ನಂಬ್ಲಿಲ್ಲ. ಲಾರಿಲಿ ಏನಾಯ್ತು ಅಂತ ನಂಗೊತ್ತಿಲ್ವಾ. ಮುಂದಿನ ಗುರುವಾರ ಬಂದು ಸಹಿ ಹಾಕ್ತೀನಿ, ಬಿಡು."

ಒಳ್ಳೆಯ ಮಾತು. ಇಷ್ಟಕ್ಕೇ ಮುಗಿಯಬಹುದಿತ್ತು. ಡೋರ್ಕಾಸ್ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ನಿನ್ನ ಸಹಿ ನಂಗೆ ಬೇಡ ಕಸ್ಪಾರ್."

ಎಂಜಿನ್ನಿನ ಸದ್ದಿನ ಮೇಲೆ ಅವನು ದನಿ ಏರಿಸಿದ.

"ಹಂಗಾದ್ರೆ ನಾನ್ಯಾರು?" ಎಂದ ಅವನು.

"ನನ್ನ ಗಂಡ. ನನ್ನ ಮೇಲಿನ ಆಫೀಸರ್ ಅಲ್ಲ."

ಫೋನ್ ಕಡಿಯಿತು. ಸಿಗ್ನಲ್ ಹೋಯಿತೋ, ಅವನೇ ಇಟ್ಟನೋ ತಿಳಿಯಲಿಲ್ಲ. ಅವಳು ಮತ್ತೆ ಮಾಡಲಿಲ್ಲ. ನಿದ್ದೆಯೂ ಬರಲಿಲ್ಲ. ಆದರೆ ಮಾತು ಹೊರಗೆ ಬಿದ್ದಿತ್ತು, ನುಂಗುವುದು ಸಾಧ್ಯವಿರಲಿಲ್ಲ. ಭಾನುವಾರ ಚರ್ಚು ಬಿಟ್ಟ ಮೇಲೆ ಮೇಜಿನ ಹೆಂಗಸರನ್ನೆಲ್ಲ ಮಾವಿನಮರದ ಕೆಳಗೆ ಕರೆದಳು. ಸ್ಕೋಲಾಳ ಮಗಳು ನೋಟ್‌ಪುಸ್ತಕ, ಸ್ಕೇಲು ತಂದಳು.

ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಹದಿಮೂರು ಹೆಂಗಸರು ಕೂತಿದ್ದರು. ಬೂಟು, ಏಪ್ರನ್, ತಲೆಗೆ ಬಲೆಟೋಪಿ. ಮೇಜಿಗೆ ಹೋಗಬೇಕಾದವರು ಹೋಗಿರಲಿಲ್ಲ. ಮೊದಲು ಬಂದವನು ಕಾವಲುಗಾರ ಪೋಲುಸ್. ಕೆಮ್ಮುತ್ತಿದ್ದ.

"ಹೆಂಡ್ತಿ ಸಹಿ ತಂದಿದೀಯಾ?" ಎಂದಳು ಡೋರ್ಕಾಸ್.

"ಏನು?"

ಸ್ಕೋಲಾ ಹಾಳೆ ಮುಂದೆ ಹಿಡಿದಳು. ಗೆರೆ ಹೊಡೆದು ದುಂಡಗೆ ಬರೆದಿತ್ತು: 'ನನ್ನ ಗಂಡನ ... ವಾಸಿ ಮಾಡಲು ನನ್ನ ಒಪ್ಪಿಗೆ ಇದೆ. ಹೆಂಡತಿಯ ಸಹಿ.' "ನಿಂಗೆ ಕೆಮ್ಮು ಅಲ್ವಾ. ಖಾಲಿ ಜಾಗದಲ್ಲಿ ಕೆಮ್ಮು ಅಂತ ತುಂಬು."

"ಕೆಮ್ಮೋದು ನನ್ನ ಎದೆ ಕಣೇ."

"ಎದೆ ನಿಂದೇ ಇರಬಹುದು. ರೂಲ್ಸು ನಿಂದಲ್ಲ."

ಪೋಲುಸನ ಹೆಂಡತಿ ಮೂರನೇ ಮೆಟ್ಟಿಲಲ್ಲೇ ಕೂತಿದ್ದಳು. ಅವನು ಅವಳ ಕಡೆ ನೋಡಿದ. ಅವಳು ಅಡಿಕೆಗೆ ಸುಣ್ಣ ಹಚ್ಚುತ್ತಾ ಹೇಳಿದಳು:

"ಯೋಚ್ನೆ ಮಾಡ್ಬೇಕು. ಮೊದ್ಲು ಮನೆಗೆ ಹೋಗಿ ನೀರು ತುಂಬಿಟ್ಟು ಬಾ."

ಅವನು ನೀರು ತುಂಬಲು ಹೋದ. ಎರಡನೆಯವನು ಫೋರ್ಕ್‌ಲಿಫ್ಟ್ ಡ್ರೈವರು, ಕೈಗೆ ಮುಳ್ಳು ಹೊಕ್ಕಿತ್ತು. ಮೂರನೆಯವನಿಗೆ ಹೊಟ್ಟೆ ಸರಿಯಿರಲಿಲ್ಲ, ಅವನು ನಿಲ್ಲಲಾರದೆ ಓಡಿದ. ನೋಡಲು ಜನ ಸೇರಿತು. ಆಗ ಬಂದವನು ವಾಗಿ. ಕಾಲು ಅಗಲ ಇಟ್ಟು, ಬಾತುಕೋಳಿಯಂತೆ ನಡೆಯುತ್ತಿದ್ದ. ಕುಂಡೆಯ ಮೇಲೆ ದೊಡ್ಡ ಕುರು ಎದ್ದಿತ್ತು. ಮೂರು ದಿನದಿಂದ ಕೂರಲು ಆಗುತ್ತಿಲ್ಲವೆಂದು ಇಡೀ ಫ್ಯಾಕ್ಟರಿಗೆ ಗೊತ್ತಿತ್ತು.

"ಏನಿದು ಸಂತೆ? ಎದ್ದೇಳಿ. ಮೇಜು ಖಾಲಿ ಬಿದ್ದಿದೆ."

"ನಿಮ್ಮ ಹೆಂಡ್ತಿ ಸಹಿ ಸರ್," ಎಂದಳು ಡೋರ್ಕಾಸ್.

"ನನ್ನ ಹೆಂಡ್ತಿ ಊರಲ್ಲಿದಾಳೆ, ದೂರದ ಗೊರೋಕಾದಲ್ಲಿ."

"ಹಂಗಾದ್ರೆ ಇಲ್ಲಿ ಯಾರಿಗೋಸ್ಕರ ಸರ್ ಈ ಕುರು ತೋರ್ಸೋದು?"

ಜನ ಹೋ ಎಂದಿತು. ಫ್ರೀಜರಿನ ಗಂಡಸರೂ ನಕ್ಕರು. ವಾಗಿಯ ಮುಖ ಬೆಂದ ಮೀನಿನ ಹಾಗಾಯಿತು. ಅವನು ಜೇಬಿನಿಂದ ಪುಸ್ತಕ ತೆಗೆದ.

"ಎಲ್ಲರ ಕಾರ್ಡ್ ನಂಬರ್ ಬರ್ಕೋತೀನಿ. ಒಬ್ಬಳನ್ನೂ ಬಿಡಲ್ಲ."

ಮೆಟ್ಟಿಲ ಮೇಲೆ ನಗು ನಿಂತಿತು. ಕೆಲಸ ಹೋದರೆ ವಠಾರದ ಮನೆಯೂ ಹೋಗುತ್ತದೆ. ಮಕ್ಕಳ ಶಾಲೆಯೂ. ಡೋರ್ಕಾಸ್ ಎದ್ದು ನಿಂತಳು.

"ಬರ್ಕೊಳ್ಳಿ. ನಂದು ನಾನೂರ ಹದಿನೇಳು."

"ನಂದು ಮುನ್ನೂರ ಎರಡು," ಎಂದಳು ಸ್ಕೋಲಾ ಎದ್ದು. "ಮೂರಕ್ಕೆ ಬಾಲ ಸರಿಯಾಗಿ ಹಾಕಿ."

ಒಬ್ಬೊಬ್ಬಳೇ ಎದ್ದಳು. ಒಬ್ಬೊಬ್ಬಳೇ ನಂಬರ್ ಹೇಳಿದಳು. ವಾಗಿ ಒಂದು ಕಾಲ ಮೇಲೆ ಭಾರ ಬಿಟ್ಟು ಬಿಸಿಲಲ್ಲಿ ಬರೆಯುತ್ತಲೇ ಇದ್ದ.

ಗದ್ದಲಕ್ಕೆ ಲಾಹುಯಿ ಹೊರಗೆ ಬಂದ. ಅವನ ಹಿಂದೆ ಸಿಸ್ಟರ್ ನೆರಿಸ್ಸಾ.

"ಡೋರ್ಕಾಸ್, ನೀನು ಒಳಗೆ ಬಾ, ಮಾತಾಡೋಣ," ಎಂದ ಲಾಹುಯಿ.

"ಇಲ್ಲೇ ಮಾತಾಡಿ ಸರ್. ಹನ್ನೊಂದು ವರ್ಷದ ಹಿಂದೆ ನನ್ನ ಕೈಗೆ ಚಾಕು ಕೊಟ್ರಲ್ಲ, ಗಂಡನ ಸಹಿ ಕೇಳಿದ್ರಾ? ದಿನಾ ನಿಲ್ಲಿಸ್ತೀರಲ್ಲ, ಕಾಲು ಊದಿ ಬೂಟು ಬಿಚ್ಚೋಕೆ ಆಗಲ್ಲ, ಅದಕ್ಕೆ ಯಾರ ಸಹಿ ಇದೆ? ಲಾರೀಲಿ ನನ್ನ ರಕ್ತ ಹೋಯ್ತು. ಯಾರನ್ನ ಕೇಳ್ಕೊಂಡು ಹೋಯ್ತು? ದುಡಿಯೋಕೆ ನನ್ನ ಮೈ ನಂದು. ಸಾಯೋಕೂ ನಂದು. ಬದುಕ್ತೀನಿ ಅಂದ್ರೆ ಮಾತ್ರ ಕಸ್ಪಾರಂದಾ?"

ಲಾಹುಯಿ ಕನ್ನಡಕ ತೆಗೆದು ಅಂಗಿಗೆ ಒರೆಸಿದ.

"ನಿಮ್ಗೇನು ಗೊತ್ತು," ಎಂದ, ತಗ್ಗಿದ ದನಿಯಲ್ಲಿ. "ಮೊದ್ಲಿದ್ದ ಊರಲ್ಲಿ ಹೆಂಡ್ತಿಗೆ ಇದನ್ನ ಹಾಕಿದ್ದಕ್ಕೆ ಒಬ್ಬ ಗಂಡ ಮಚ್ಚು ಹಿಡ್ಕೊಂಡು ಬಂದಿದ್ದ. ಈ ಬಾಗಿಲಲ್ಲಿ ನಿಲ್ಲೋನು ನಾನು."

"ಗೊತ್ತು ಸರ್. ಮಚ್ಚು ಹಿಡಿದೋನು ತಪ್ಪು ಮಾಡ್ದ. ಬಾಗಿಲು ನಮ್ಗೆ ಯಾಕೆ ಹಾಕಿದ್ರಿ?"

ಸಿಸ್ಟರ್ ನೆರಿಸ್ಸಾ ಮುಂದೆ ಬಂದಳು. ಕೈಯಲ್ಲಿ ಸರ್ಕಾರದ ಪುಸ್ತಕವಿತ್ತು. ಬೆರಳಿಟ್ಟ ಪುಟ ತೆರೆದು, ಆ ದೊಡ್ಡ ಗಂಟಲಲ್ಲಿ ಓದಿದಳು. ಸಾಧನ ಹಾಕಿಸಿಕೊಳ್ಳುವವಳಿಗೆ ಎಲ್ಲ ತಿಳಿಸಿ ಹೇಳಬೇಕು, ಅವಳೇ ಒಪ್ಪಬೇಕು, ಬೇರೆ ಯಾರ ಒಪ್ಪಿಗೆಯೂ ಬೇಕಿಲ್ಲ. ಎರಡು ಸಲ ಓದಿದಳು. ಮೇಲಿನವನ ಎದುರು ನಿಂತು ಓದುವುದೆಂದರೆ ಏನೆಂದು ಮೆಟ್ಟಿಲ ಮೇಲಿನ ಹದಿಮೂರು ಜನಕ್ಕೂ ಗೊತ್ತಿತ್ತು.

ಲಾಹುಯಿ ಪುಸ್ತಕ ಇಸಿದುಕೊಂಡು ತಾನೂ ಓದಿದ. ಒಳಗೆ ಹೋಗಿ ಡೋರ್ಕಾಸಳ ಫಾರಂ ತಂದ. ಕೆಳಗಿನ ಗೆರೆಯ ಮೇಲೆ ಪೆನ್ನು ಎಳೆದ.

"ಆಯ್ತಾ?"

"ಎಲ್ಲಾ ಫಾರಮ್ಮಿಂದೂ ಹೊಡೀರಿ," ಎಂದಳು ಡೋರ್ಕಾಸ್.

"ಮುನ್ನೂರಿವೆ."

"ನಾವಿದೀವಲ್ಲ. ತನ್ನಿ."

ಕಟ್ಟು ಹೊರಗೆ ಬಂತು. ಮೆಟ್ಟಿಲ ಮೇಲೆ ಹಂಚಿಕೊಂಡರು. ಪೆನ್ನು ಸಾಲದೆ ಕೆಲವರು ಶಾಲೆಯ ಬಣ್ಣದ ಕಡ್ಡಿ ತರಿಸಿದರು. ಒಬ್ಬಳಿಗೆ ಓದು ಬರುತ್ತಿರಲಿಲ್ಲ, ಯಾವ ಗೆರೆಯೆಂದು ಪಕ್ಕದವಳು ತೋರಿಸಿದಳು. ಅವಳು ನಾಲಿಗೆ ಕಚ್ಚಿಕೊಂಡು, ಕಾಗದ ಹರಿಯುವಷ್ಟು ಒತ್ತಿ ಹೊಡೆದಳು. ವಾಗಿ ಗೋಡೆ ಹಿಡಿದು ನಿಂತಿದ್ದ. ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

"ಇನ್ನೂ ಎಷ್ಟೊತ್ತು ತಾಯಂದಿರಾ?"

"ಕೈ ಜಾಸ್ತಿ ಆದ್ರೆ ಬೇಗ ಮುಗಿಯುತ್ತೆ," ಎಂದಳು ಸ್ಕೋಲಾ. ಇಪ್ಪತ್ತು ಫಾರಂ ಎಣಿಸಿ ಅವನ ಕೈಗಿಟ್ಟಳು. "ನಿಂತ್ಕೊಂಡೇ ಹೊಡೀಬಹುದು. ನಾವು ದಿನಾ ನಿಂತ್ಕೊಂಡೇ ಅಲ್ವಾ ಮಾಡೋದು."

ಅವನು ಸುತ್ತ ನೋಡಿದ. ಕುರು ಗೆದ್ದಿತು. ಗೋಡೆಗೆ ಕಾಗದ ಒತ್ತಿ ಇಪ್ಪತ್ತಕ್ಕೂ ಗೆರೆ ಹೊಡೆದ.

ಆಮೇಲೆ ಡೋರ್ಕಾಸ್ ಒಳಗೆ ಹೋದಳು. ಸಿಸ್ಟರ್ ಬಸುರಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಬೆರಳು ಚುಚ್ಚಿ ರಕ್ತ ನೋಡಿದಳು. "ಸ್ವಲ್ಪ ಕಮ್ಮಿ ಇದೆ. ಕಬ್ಬಿಣದ ಮಾತ್ರೆ ಕೊಡ್ತೀನಿ, ಸೊಪ್ಪು ತಿನ್ನು. ತುಂಬಾ ಹೋಗೋಕೆ ಶುರುವಾದ್ರೆ ಬಂದ್ಬಿಡು, ತೆಗೀತೀನಿ. ಈಗ್ಲೂ ಬೇಡ ಅನ್ನಿಸಿದ್ರೆ ಹೇಳು."

"ಹಾಕಿ."

ತಣ್ಣಗಿನ ಲೋಹ. ಒಂದು ಹಿಡಿತ, ಹೆರಿಗೆಯ ಮೊದಲ ನೋವಿನಂಥದ್ದು. ಆಮೇಲೆ ಇನ್ನೊಂದು. ಡೋರ್ಕಾಸ್ ಮಂಚದ ಅಂಚು ಹಿಡಿದು ಒಂದು ಕೆಟ್ಟ ಬೈಗುಳ ಬೈದಳು. "ಬೈ, ಬೈ, ಒಳ್ಳೇದು," ಎಂದಳು ಸಿಸ್ಟರ್. ಕತ್ತರಿ ದಾರ ಕತ್ತರಿಸಿದ ಸದ್ದು ಕೇಳಿಸಿತು. ಹತ್ತು ನಿಮಿಷವೂ ಆಗಿರಲಿಲ್ಲ.

ಆ ದಿನದ ಕೂಲಿ ಹದಿಮೂರು ಜನಕ್ಕೂ ಸಿಗಲಿಲ್ಲ. ಎಚ್ಚರಿಕೆಯ ಪತ್ರ ಬಂತು. ಸ್ಕೋಲಾ ತನ್ನದರಲ್ಲಿ ಕರಿದ ಹಿಟ್ಟಿನ ಉಂಡೆ ಕಟ್ಟಿಕೊಂಡು ಬಂದು, ಎಣ್ಣೆ ಚೆನ್ನಾಗಿ ಹೀರುತ್ತದೆ, ಒಳ್ಳೆಯ ಕಾಗದ ಎಂದಳು. ಕೆಲಸದಿಂದ ಯಾರನ್ನೂ ತೆಗೆಯಲಿಲ್ಲ. ಆ ಹದಿಮೂರು ಜನರಷ್ಟು ಬೇಗ ಮೀನು ಕೆರೆಯುವವರು ಬೇರೆ ಇರಲಿಲ್ಲ.

ಗುರುವಾರ ಕಸ್ಪಾರ್ ಬಂದ. ಒಂದು ದಿನ ಮುಖ ಊದಿಸಿಕೊಂಡಿದ್ದ. ಬಲೆ ಸರಿಮಾಡುವ ನೆಪದಲ್ಲಿ ಹೊರಗೇ ಕೂತ. ಶನಿವಾರ ಬೆಳಿಗ್ಗೆ ಒಲೆಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು, ಬೆಂಕಿಯನ್ನೇ ನೋಡುತ್ತಾ ಕೇಳಿದ:

"ನೋಯ್ತಾ?"

"ನೋಯ್ತು."

"ಎಲ್ಲಿ?"

ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು. ಅವನು ಅವಳ ಒಡಲಿನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಅವಳು ಕಡ್ಡಿ ತೆಗೆದುಕೊಂಡು ಬೂದಿಯ ಮೇಲೆ ಚಿತ್ರ ಬರೆದು ತೋರಿಸಿದಳು. ಅವನು ಮೀನಿನ ಜಾಗ ಹೇಳುವ ನಕ್ಷೆ ನೋಡುವಂತೆ ಬಗ್ಗಿ ನೋಡಿದ.

ಎರಡು ವಾರ ಕಳೆದು ಡೋರ್ಕಾಸ್ ದಾರ ಸರಿಯಿದೆಯೋ ನೋಡಿಸಿಕೊಳ್ಳಲು ಹೋದಾಗ ಕ್ಲಿನಿಕ್ಕಿನ ಬೆಂಚು ತುಂಬಿತ್ತು. ಬಾಗಿಲಲ್ಲಿ ಗುರುತಿಲ್ಲದ ಒಬ್ಬ ಹೆಂಗಸು ನಿಂತಿದ್ದಳು. ದೋಣಿಯಲ್ಲಿ ಬಂದವಳು, ಲಂಗದ ಅಂಚು ಒದ್ದೆಯಾಗಿತ್ತು. ಯಾವುದೋ ತಾಳೆಯೆಣ್ಣೆ ತೋಟದವಳಂತೆ. ಒಳಗೆ ಬರಲೋ ಬೇಡವೋ ಎಂದು ನೋಡುತ್ತಿದ್ದಳು.

"ಇಲ್ಲಿ ಸಹಿ ಕೇಳಲ್ವಂತೆ ಹೌದಾ ಅಕ್ಕಾ?" ಎಂದು ಡೋರ್ಕಾಸಳನ್ನು ಕೇಳಿದಳು.

"ಕೇಳಲ್ಲ."

"ಹಾಕೋಕೆ ಮಾತ್ರಾನಾ? ತೆಗೆಯೋಕೂನಾ?"

ಬೆಂಚಿನವರೆಲ್ಲ ತಿರುಗಿ ನೋಡಿದರು. ಅವಳು ತಲೆ ತಗ್ಗಿಸಿ ಹೇಳಿದಳು. ಮೊದಲ ಹೆರಿಗೆಯಾದ ಮೇಲೆ ಅವಳನ್ನು ಕೇಳದೆಯೇ ಹಾಕಿದ್ದರು. ಆ ಮಗು ಉಳಿಯಲಿಲ್ಲ. ತೆಗೆಯಿರಿ ಎಂದು ಮೂರು ಸಲ ಕೇಳಿದ್ದಳು. ಮೇಸ್ತ್ರಿ ಒಪ್ಪಬೇಕು ಅಂದರಂತೆ.

"ನಂಗೊಂದು ಮಗು ಬೇಕು," ಎಂದಳು.

ಡೋರ್ಕಾಸ್ ಬೆಂಚಿನಲ್ಲಿ ಸರಿದು ಕೂತಳು. ಅವಳ ಪಕ್ಕದವಳು ಸರಿದಳು, ಅವಳ ಪಕ್ಕದವಳೂ. ಜಾಗವಾಯಿತು. ಒಳಗಿನಿಂದ ಸಿಸ್ಟರ್ ನೆರಿಸ್ಸಾ ಖಾಲಿ ಫಾರಂ ಹಿಡಿದು ಬಂದು, ಹೆಸರು ಕೇಳಿದಳು.

ಆ ಹೆಂಗಸು ಅಭ್ಯಾಸಬಲದಿಂದ ಗಂಡನ ಹೆಸರು ಹೇಳಲು ಹೋಗಿ, ನಡುವೆ ನಿಲ್ಲಿಸಿ, ತನ್ನದನ್ನು ಹೇಳಿದಳು.